ಸಡಿಲ ತಂತಿ

ಅಣ್ಣಾ,

ಇವತ್ತು ಬೆಳಿಗ್ಗೆ ಅಮ್ಮ ನಿನ್ನ ಗಿಟಾರನ್ನು ರಿಪೇರಿಯವನ ಹತ್ತಿರದಿಂದ ತಂದು ನಿನ್ನ ಮಂಚದ ಮೇಲಿಟ್ಟಳು. "ಅವನು ತೀರಿಹೋದ್ಮೇಲೆ ತಂತಿಯೆಲ್ಲ ಜೋತು ಬಿದ್ದಿತ್ತು ಕಣೇ, ಬಿಗಿ ಮಾಡಿಸ್ದೆ," ಎಂದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಸಮಾಧಾನವಿತ್ತು.

ನೀನು ಬೇಕೆಂದೇ ಸಡಿಲ ಬಿಟ್ಟಿದ್ದ ಆ ತಂತಿಯೇ ನಮ್ಮ ಬ್ಯಾಂಡಿನ ದನಿ ಎಂದು ಅವಳಿಗೆ ಹೇಗೆ ಹೇಳಲಿ? ಆನೆ ನಡೆದಷ್ಟು ನಿಧಾನದ, ಎದೆ ನಡುಗಿಸುವ ರಾಕ್; ಅದರ ಜೊತೆಗೆ, ಬೆರಳಿಗೆ ತೊಟ್ಟ ಬಾಟಲಿಯ ಕೊರಳನ್ನು ತಂತಿಯ ಮೇಲೆ ಜಾರಿಸಿ ನೀನು ಅಳಿಸುತ್ತಿದ್ದ ಬ್ಲೂಸ್. ತಂತಿ ಎಷ್ಟು ಸಡಿಲವಿರಬೇಕೆಂದು ನಿನ್ನ ಕಿವಿಗೆ ಮಾತ್ರ ಗೊತ್ತಿತ್ತು. ರೆಕಾರ್ಡಿಂಗ್ ಒಂದೂ ಇಲ್ಲ. "ಹಾಡು ಹಣ್ಣಾಗ್ಲಿ, ಆಮೇಲೆ ನೋಡೋಣ" ಅನ್ನುತ್ತಿದ್ದೆಯಲ್ಲ.

ಶನಿವಾರ ಕಾರ್ಯಕ್ರಮ. ಇವತ್ತು ಮಧ್ಯಾಹ್ನ ನಿನ್ನ ಗಿಟಾರನ್ನು ಅಭ್ಯಾಸದ ಶೆಡ್ಡಿಗೆ ಒಯ್ದೆ; ನಮ್ಮ ಹಾಡುಗಾರ ನಿನ್ನ ಶ್ರುತಿ ಹುಡುಕುತ್ತ ಅದರ ಬಿರಡೆ ತಿರುಗಿಸಿ ತಿರುಗಿಸಿ ಸೋತ. "ಒಡಹುಟ್ಟಿದೋಳು ನೀನು, ನಿಂಗಾದ್ರೂ ಗೊತ್ತಿರ್ಬೇಕಲ್ಲ," ಎಂದ. ಆಗ ನೆನಪಾಯಿತು: ನನ್ನ ದೊಡ್ಡ ಡ್ರಮ್ಮನ್ನು ನೀನು ನಿನ್ನ ದಪ್ಪ ತಂತಿಗೇ ಶ್ರುತಿ ಮಾಡಿದ್ದೆ. ಒಂದು ಏಟು ಹೊಡೆದೆ. ಅದು ನಿನ್ನ ತಂತಿಯ ದನಿಯಲ್ಲೇ ಗುಂಯ್ ಎಂದಿತು.

"ಅದೇ. ಹೊಡೀತಾ ಇರು," ಎಂದು ಅವನು ಗಿಟಾರ್ ಎತ್ತಿಕೊಂಡ.

ಕೈ ಏಳಲಿಲ್ಲ ಅಣ್ಣಾ. ಹೊಡೆದಷ್ಟೂ ಡ್ರಮ್ಮು ಸಡಿಲವಾಗಿ ಶ್ರುತಿ ಕಳೆದುಕೊಳ್ಳುತ್ತದೆ ಎಂದು ಹೇಳಿಕೊಟ್ಟವನೂ ನೀನೇ.