ಅಪ್ಪಿಕೊಂಡದ್ದು ಅಸಭ್ಯವೆಂದ ಹೆರಿಗೆ ವಾರ್ಡಿಗೆ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ಹೆರಿಗೆ ನೋವಿನಲ್ಲಿದ್ದ ನನ್ನನ್ನು ನನ್ನ ಗಂಡ ಅಪ್ಪಿಕೊಂಡು ಮುತ್ತು ಕೊಟ್ಟರು. ನಿಮ್ಮ ಆಸ್ಪತ್ರೆ ಅವರನ್ನು ಕಳ್ಳನ ಹಾಗೆ ಹೊರಗೆ ತಳ್ಳಿತು. ಆಗಲೇ ನಿಮಗೆ ದೂರು ಕೊಟ್ಟಿದ್ದೆ. ‘ಆವರಣದಲ್ಲಿ ಸಭ್ಯತೆ ಕಾಪಾಡುವುದು ಎಲ್ಲರ ಹೊಣೆ’ ಎಂದು ಒಂದೇ ಸಾಲಿನ ಉತ್ತರ ಕಳಿಸಿದಿರಿ. ಸರಿ, ಸಭ್ಯತೆಯ ಬಗ್ಗೆಯೇ ಮಾತಾಡೋಣ.

ನಾನು ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಒಂದರಲ್ಲಿ ಕೆಲಸ ಮಾಡುವವಳು. ನನ್ನ ಗಂಡ ರಾಜೇಂದ್ರ ಲೇಥ್ ಕೆಲಸದವರು. ಚೊಚ್ಚಲ ಹೆರಿಗೆಯ ದಿನ ನನಗೆ ಕಾಫಿ ಕುಡಿಸಲು ಅವರನ್ನು ವಾರ್ಡಿನೊಳಗೆ ಬಿಟ್ಟಿದ್ದರು. ಅಷ್ಟರಲ್ಲಿ ಸೊಂಟ ಮುರಿಯುವಂಥ ನೋವು ಬಂತು. ಎದ್ದು ಅವರ ಕೊರಳಿಗೆ ಜೋತುಬಿದ್ದೆ. ಒರಟು ಅಂಗೈಯಿಂದ ಅವರು ನನ್ನ ಸೊಂಟ ತೀಡಿದರು, ಕತ್ತಿನ ಹಿಂದೆ ಬೆವರು ಒರೆಸಿದರು, ತುಟಿಗೆ ತುಟಿ ಇಟ್ಟರು. ಮೈಯೆಲ್ಲ ಸಡಿಲವಾಯಿತು. ನೋವು ಇತ್ತು, ಆದರೆ ಭಯ ಇರಲಿಲ್ಲ. ಹೇಳಲು ನಾಚಿಕೆಯೇಕೆ, ಆ ನೋವಿನ ನಡುವೆಯೂ ನನಗೆ ಸುಖ ಅನ್ನಿಸಿತು.

ಆಗ ನಿಮ್ಮ ನರ್ಸ್ ಬಂದರು. “ಏನ್ರೀ ಇದು, ಹೆರಿಗೆ ವಾರ್ಡಾ, ಪಾರ್ಕಾ? ಮನೇಲಿ ಮಾಡಿದ್ದು ಸಾಲ್ಲಿಲ್ವಾ?”

ವಾರ್ಡಿನಲ್ಲಿದ್ದವರು ನಕ್ಕರು. “ಮೇಡಂ, ಅವಳಿಗೆ ನೋಯ್ತಿದೆ” ಅಂದರು ನನ್ನ ಗಂಡ. ಸೆಕ್ಯೂರಿಟಿಯವನು ರಟ್ಟೆ ಹಿಡಿದು ಅವರನ್ನು ಎಳೆದುಕೊಂಡು ಹೋದ.

ಬೇರೆ ಹೆಂಗಸರ ಮಾನದ ಪ್ರಶ್ನೆ ಅಂತೀರಿ. ಒಪ್ಪುತ್ತೇನೆ. ಪಕ್ಕದ ಮಂಚದ ಧನ್ಯಶ್ರೀ ಎಂಬ ಹುಡುಗಿಗೂ ಮರೆ ಬೇಕಿತ್ತು. ಹಾಗಾದರೆ ಒಂದು ಪರದೆ ಕಟ್ಟಿಸಲು ನಿಮ್ಮನ್ನು ತಡೆದವರು ಯಾರು? ಆಮೇಲೆ ಗಂಡು ಮೆಡಿಕಲ್ ವಿದ್ಯಾರ್ಥಿಗಳ ಗುಂಪು ಬಂತು. ನನ್ನ ಹೆಸರನ್ನೂ ಕೇಳದೆ, ಒಬ್ಬರಾದ ಮೇಲೆ ಒಬ್ಬರು ಕೈಹಾಕಿ ಪರೀಕ್ಷಿಸಿದರು. ಅದು ಸಭ್ಯ! ಕಿರುಚಿದೆನೆಂದು ತೊಡೆಗೆ ಬಿದ್ದ ಏಟು, ಅದೂ ಸಭ್ಯ! ತಾಳಿ ಕಟ್ಟಿದವನು ಬೆನ್ನು ಸವರಿದ್ದು ಮಾತ್ರ ಅಸಭ್ಯ. ಆ ಧನ್ಯಶ್ರೀಯೇ ಕಣ್ಣೀರಿಟ್ಟು, “ಅಕ್ಕಾ, ಅಣ್ಣನ್ನ ಇರೋಕೆ ಬಿಡಿ ಅಂತ ನಾನೂ ಹೇಳ್ಲಾ?” ಅಂದಳು. ಅವಳ ಮಾತು ಯಾರಿಗೆ ಬೇಕಿತ್ತು?

ನನ್ನ ಗಂಡನನ್ನು ಹೊರಗೆ ಹಾಕಿದ ಮೇಲೆ ನೋವು ನಿಂತೇ ಹೋಯಿತು. ಡ್ರಿಪ್ ಹಾಕಿದರು, ಕಾದರು, ಕೊನೆಗೆ ಹೊಟ್ಟೆ ಕೊಯ್ದರು. ಅವರನ್ನು ಕಳಿಸಿದ್ದಕ್ಕೇ ಹೀಗಾಯಿತೆಂದು ನಾನು ವಾದಿಸುವುದಿಲ್ಲ. ನಾನು ಡಾಕ್ಟರಲ್ಲ. ಆದರೆ ಹೆದರಿದ ಹಸು ಕೂಡ ಹಾಲು ಇಳಿಸುವುದಿಲ್ಲ ಎಂಬುದನ್ನು ತಿಳಿಯಲು ಡಾಕ್ಟರಾಗಬೇಕೇ?

‘ಇದು ನಮ್ಮ ಸಂಸ್ಕೃತಿಯಲ್ಲ’ ಎಂದೂ ನಿಮ್ಮವರು ಗದರಿದರು. ಮನೆಗೆ ಬಂದು ಅತ್ತೆ ರಾಮಕ್ಕನಿಗೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, “ನಿನ್ ಗಂಡ ಹುಟ್ಟುವಾಗ ನಿಮ್ಮಾವ ನನ್ನ ಬೆನ್ನಿಗೆ ಕೂತು ಎದೆಗೆ ಒರಗಿಸ್ಕೊಂಡಿದ್ರು ಕಣೇ. ಸೂಲಗಿತ್ತೀನೇ ಕರೆದು ಕೂರ್ಸಿದ್ಲು” ಅಂದರು. ಯಾವ ಸಂಸ್ಕೃತಿ ಸ್ವಾಮಿ ನಿಮ್ಮದು? ಬಸವೇಶ್ವರನಗರದ ಖಾಸಗಿ ನರ್ಸಿಂಗ್ ಹೋಮ್‌ಗಳಲ್ಲಿ ಗಂಡ ಹೆಂಡತಿಯ ಕೈಹಿಡಿದು ನಿಂತ ಫೋಟೋವನ್ನೇ ಗೋಡೆಗೆ ಹಾಕಿದ್ದಾರೆ. ಉಳ್ಳವರ ಅಪ್ಪುಗೆ ಚಿಕಿತ್ಸೆ, ನಮ್ಮದು ಚೇಷ್ಟೆಯೇ?

ಮಗಳು ಚೆನ್ನಾಗಿದ್ದಾಳೆ. ಹೊಲಿಗೆಯೂ ಮಾಯಿತು. ಆದರೆ ಗಂಡ ಹತ್ತಿರ ಬಂದರೆ ವಾರ್ಡಿನವರ ಆ ನಗು ಕಿವಿಗೆ ಬಿದ್ದು ಎಷ್ಟೋ ತಿಂಗಳು ಮೈ ಸೆಟೆದುಕೊಳ್ಳುತ್ತಿತ್ತು. ಅವರಿಗೂ ಹಾಗೆಯೇ. ಇಬ್ಬರಿಗೂ ಧೈರ್ಯ ಬರಲು ಬಹಳ ಕಾಲ ಹಿಡಿಯಿತು.

ಈಗ ಮತ್ತೆ ಬಸುರಿ. ಮತ್ತೆ ನಿಮ್ಮಲ್ಲಿಗೇ ಬರಬೇಕು, ಬೇರೆ ದಾರಿಯಿಲ್ಲ. ಪ್ರತಿ ಮಂಚಕ್ಕೂ ಪರದೆ ಕಟ್ಟಿಸಿ. ಹೆರುವವಳು ಯಾರನ್ನು ಬೇಕೆನ್ನುತ್ತಾಳೋ ಅವರನ್ನು ಅವಳ ಬಳಿ ಬಿಡಿ. ಅವರು ಮುಟ್ಟಿದರೆ, ಮುದ್ದಿಸಿದರೆ, ನಿಮ್ಮವರು ಆ ಕಡೆ ತಿರುಗಿಕೊಳ್ಳಲಿ. ಇದನ್ನು ಆದೇಶವಾಗಿ ಬರೆದು ವಾರ್ಡಿನ ಬಾಗಿಲಿಗೆ ಹಚ್ಚಿ.

ಮೊನ್ನೆ ಗಂಡನನ್ನು ಕೇಳಿದೆ, “ಈ ಸಲ ಬಿಟ್ರೆ ಒಳಗೆ ಬರ್ತೀರಾ?”

“ಬರ್ತೀನಿ ಕಣೇ,” ಅಂದರು. “ಆದ್ರೆ ಮುಟ್ಟಲ್ಲ. ದೂರದಲ್ಲೇ ನಿಂತಿರ್ತೀನಿ.”

ಇಂತಿ,
ನಿಮ್ಮ ವಾರ್ಡಿನಲ್ಲಿ ನಾಚಿಕೆ ಕಲಿತು ಬಂದ
ಚೇತನಾ
ಕಾಮಾಕ್ಷಿಪಾಳ್ಯ