ತುಪ್ಪ ಬಿಡಿಸಿದವರಿಗೆ

ನೌಕರಿ ಬೇಡಿ ಬಂದವರ ಮೈ ಪರೀಕ್ಷಿಸುವ ಮಾನ್ಯ ವೈದ್ಯಾಧಿಕಾರಿಗಳೇ,

ನನ್ನ ಮಗಳಿಗೆ ನೀವು ಕೊಬ್ಬಿನ ಪದಾರ್ಥ ಬಿಡಲು ಹೇಳಿದಿರಿ. ಅವಳೀಗ ಊಟವನ್ನೇ ಬಿಟ್ಟಿದ್ದಾಳೆ. ನನ್ನ ತಕರಾರು ಇಷ್ಟೇ. ಲಕೋಟೆಯಲ್ಲಿ ಕಳಿಸಿದ್ದರೆ ನಿಮ್ಮ ಕಾರಕೂನರ ಮೇಜು ದಾಟುತ್ತಿರಲಿಲ್ಲ. ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ.

ಶುಭದಾಳ ನೆನಪು ನಿಮಗಿರಲಿಕ್ಕಿಲ್ಲ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲೆ, ಜಮಖಂಡಿಯ ನಮ್ಮ ಓಣಿಯಿಂದ ಮಾಸ್ತರಿಕೆಗೆ ಆಯ್ಕೆಯಾದ ಮೊದಲ ಹುಡುಗಿ. ರಬಕವಿಯ ಹೆಣ್ಣುಮಕ್ಕಳ ಶಾಲೆಗೆ ಹೋಗಬೇಕಾಗಿತ್ತು. ಚಿಕ್ಕಂದಿನಿಂದಲೂ ದಪ್ಪ ಮೈ. ಹಾಗೆಂದು ಕುಂತಲ್ಲೇ ಕುಂತವಳಲ್ಲ. ತುಂಬಿದ ಕೊಡ ಹೊತ್ತು, ಹಾಡುತ್ತ ಮೆಟ್ಟಿಲು ಹತ್ತುತ್ತಿದ್ದಳು. ನೀವು ತೂಕದ ಮುಳ್ಳು ನೋಡಿ, ಸಾಲಿನಲ್ಲಿ ನಿಂತವರೆಲ್ಲರ ಎದುರಿಗೇ ಅಂದಿರಿ: “ಮನ್ಯಾಗ ತುಪ್ಪದ ಕೊಡ ಅದಾವೇನವಾ? ಕೊಬ್ಬು ಬಿಟ್ಟು, ತೂಕ ಇಳಿಸ್ಕೊಂಡು ಬಾ.” ಎಲ್ಲರೂ ನಕ್ಕರಂತೆ. ಅವಳೂ ನಕ್ಕಳಂತೆ. ಮನೆಗೆ ಬಂದು ಹೇಳುವಾಗ ಮಾತ್ರ ನಗಲಿಲ್ಲ.

ತುಪ್ಪದ ಕೊಡ! ನಮ್ಮಲ್ಲಿ ಬಿಸಿ ಅನ್ನದ ಮೇಲೆ ಬೀಳುವುದು ಒಂದು ಮಿಳ್ಳೆ, ಚಮಚೆಯಷ್ಟು. ಮರುದಿನವೇ ಅದು ನಿಂತಿತು. ಒಗ್ಗರಣೆ ನಿಂತಿತು, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ನಿಂತಿತು. ಒಣ ರೊಟ್ಟಿಗೆ ಹಸಿವು ಹಿಂಗಲಿಲ್ಲ. ಮತ್ತಷ್ಟು ರೊಟ್ಟಿ, ಅದರ ಮೇಲೆ ಮುಧೋಳದ ಬೆಲ್ಲ, ಹೊತ್ತುಹೊತ್ತಿಗೆ ಸಕ್ಕರೆ ಚಹಾ. “ಬೆಲ್ಲದಾಗ ಕೊಬ್ಬು ಎಲ್ಲಿರ್ತದವ್ವಾ?” ಎನ್ನುತ್ತಿದ್ದಳು. ನನಗೂ ಖರೆ ಎನಿಸಿತು. ಸರಕಾರ ಬೆಲ್ಲದ ಸುದ್ದಿಯನ್ನೇ ಎತ್ತಿರಲಿಲ್ಲವಲ್ಲ! ಕೆಲವು ವಾರ ಬಿಟ್ಟು ತೂಗಿದರೆ, ತೂಕ ಇಳಿಯುವುದಿರಲಿ, ತುಸು ಏರಿತ್ತು.

ಅಂದಿನಿಂದ ಅವಳು ತಾಟಿನ ಮುಂದೆ ಕೂಡುವುದನ್ನೇ ಬಿಟ್ಟಳು. ನೀರುಮಜ್ಜಿಗೆ, ಅಷ್ಟೇ. ಮೈ ಇಳಿಯಿತು. ಕೂದಲು ಉದುರಿತು. ನಾನು ಬೈದರೆ, “ನನಗ ನೌಕರಿ ಬ್ಯಾಡೇನು?” ಎನ್ನುತ್ತಿದ್ದಳು.

ಮತ್ತೆ ನಿಮ್ಮೆದುರು ಬಂದಳು. ತೂಕ ಸರಿಯಿತ್ತು. ನೀವು ನಾಡಿ ಹಿಡಿದು, ಕಣ್ಣರೆಪ್ಪೆ ಎಳೆದು ನೋಡಿ ಬರೆದಿರಿ: ‘ಅಶಕ್ತಳು. ನೌಕರಿಗೆ ಯೋಗ್ಯಳಲ್ಲ.’ ಸ್ವಾಮೀ, ಮೊದಲು ಹೆಚ್ಚಾದಳು, ಆಮೇಲೆ ಕಡಿಮೆಯಾದಳು. ನಿಮ್ಮ ತಕ್ಕಡಿಗೆ ಸರಿಹೊಂದುವ ಹೆಣ್ಣು ಯಾವ ಊರಲ್ಲಿ ಹುಟ್ಟುತ್ತಾಳೆ?

ನಮ್ಮ ಓಣಿಯ ಡಾಕ್ಟರು ಶಿವಯೋಗೆಪ್ಪನವರಲ್ಲಿಗೆ ಕರೆದೊಯ್ದೆ. ಎಲ್ಲ ಕೇಳಿ ಅವರು ಹೇಳಿದರು: “ಎಣ್ಣಿ-ತುಪ್ಪದಾಗ ಕ್ಯಾಲರಿ ಹೆಚ್ಚು, ಖರೇರಿ. ಆದ್ರ ರೊಟ್ಟಿ-ಬೆಲ್ಲದಾಗೂ ಅದಾವಲ್ರಿ. ಒಟ್ಟು ಊಟಾನ ತುಸು ಕಡಿಮಿ ಮಾಡಿ, ಸಾವಕಾಶ ಇಳಿಸಬೇಕಿತ್ತು. ಸ್ವಲ್ಪ ಕೊಬ್ಬು ಮೈಗೆ ಬೇಕ ಬೇಕ್ರಿ.” ಕ್ಯಾಲರಿ ಎಂದರೇನೆಂದು ಕೇಳಿದೆ. “ಉಂಡದ್ದು ಮೈಗೆ ಕೊಡೋ ಕಸುವಿನ ಅಳತಿ” ಎಂದರು. ಇಷ್ಟು ನಿಮಗೆ ತಿಳಿದಿರಲಿಲ್ಲವೇ? ತಿಳಿದಿದ್ದರೆ, ಚೇಷ್ಟೆಗೆ ಇದ್ದ ಪುರಸೊತ್ತು ಇದನ್ನು ಹೇಳಲು ಇರಲಿಲ್ಲವೇ?

ಉಣ್ಣಬೇಕೆಂದು ಡಾಕ್ಟರು ಹೇಳಿದರು. ಅವಳು ಒಲ್ಲಳು. ನಿನ್ನೆ ಅನ್ನ ಕಲಸಿ, ತುತ್ತು ಮಾಡಿ ಬಾಯಿಗೆ ಹಿಡಿದೆ. ತುಟಿ ಬಿಚ್ಚಲಿಲ್ಲ. ಆಮೇಲೆ ಮುಖ ತಿರುಗಿಸಿ ಕೇಳಿದಳು: “ಅವ್ವಾ, ಸಾಹೇಬ್ರು ಮತ್ತ ತೂಗಿದ್ರ?”

ನೌಕರಿ ಕೇಳಲು ಇದನ್ನು ಬರೆದಿಲ್ಲ. ಇನ್ನು ಮೇಲೆ ಯಾರಿಗಾದರೂ ತೂಕ ಇಳಿಸು ಎನ್ನುವಾಗ, ಏನನ್ನು ಎಷ್ಟು ಉಣ್ಣಬೇಕೆಂಬುದನ್ನೂ ಹೇಳಿ. ನಾಲ್ಕು ಜನರ ಎದುರು ಹೇಳಬೇಡಿ. ಮತ್ತೆ, ಒಮ್ಮೆ ಜಮಖಂಡಿಗೆ ಬನ್ನಿ. ನನ್ನ ಮಾತನ್ನು ಅವಳು ಕೇಳುವುದಿಲ್ಲ, ಡಾಕ್ಟರ ಮಾತನ್ನೂ ಕೇಳುವುದಿಲ್ಲ. ಸರಕಾರದ ಮಾತನ್ನು ಮಾತ್ರ ಮೀರಿದವಳಲ್ಲ. ಅವಳ ಎದುರು ಕುಳಿತು “ಉಣ್ಣವಾ” ಎಂದು ನೀವೇ ಹೇಳಬೇಕು. ಬಡಿಸಲು ನಾನಿದ್ದೇನೆ.

ಇಂತಿ,
ಒಲೆ ಹೊತ್ತಿಸಿಯೂ ಮಗಳಿಗೆ ಉಣಿಸಲಾರದ
ಕುಮುದಿನಿ
ಜಮಖಂಡಿ