ಹೊರಗಿನಿಂದ ಬಂದರೆ ಒಂದು ಒತ್ತಿ

ಲಿಮ್ನೋಸ್ ದ್ವೀಪ
ಡಿಸೆಂಬರ್ ೧೦

ಮುದ್ದು ಸ್ತ್ರಾತಿಸ್,

ಹೇಗಿದ್ದೀಯ ಮಗು? ಕೆಮ್ಮು ಹೋಯಿತೇ? ಹೊಟ್ಟೆ ತುಂಬ ತಿನ್ನುತ್ತಿದ್ದೀಯ ತಾನೆ? ನಾನು ಗಟ್ಟಿಯಾಗಿದ್ದೇನೆ, ಮಳೆಗೆ ಮುಂಚೆ ಮಂಡಿಯೊಂದು ರಾಗ ಎಳೆಯುತ್ತದೆ ಅಷ್ಟೆ. ದೋಣಿಗೆ ಬಣ್ಣ ಹೊಡೆಯುತ್ತೇನೆಂದು ಹೊರಟ ನಿನ್ನಪ್ಪ ಕಾಫಿ ಅಂಗಡಿಯಲ್ಲಿ ಬೇರು ಬಿಟ್ಟಿದ್ದಾನೆ.

ನಿನ್ನ ವಿಶ್ವವಿದ್ಯಾಲಯದ ಹೆಂಗಸೂ ಸೌಖ್ಯ. ಬೇಸಿಗೆಯಲ್ಲಿ ನಿನ್ನ ಮೊಬೈಲು ಸಮುದ್ರದ ಪಾಲಾದಾಗ ನಮ್ಮ ಮನೆಯ ಫೋನ್ ನಂಬರನ್ನು ಅವರಿಗೆ ಕೊಟ್ಟೆಯಲ್ಲ, ಅಂದಿನಿಂದ ಅವಳು ದಿನವೂ ಕರೆ ಮಾಡುತ್ತಾಳೆ. "ಹೊರಗಿನಿಂದ ನಮ್ಮ ನೆಟ್‌ವರ್ಕಿಗೆ ಬರುತ್ತಿರುವವರು ನೀವೇ ಆದರೆ ಒಂದು ಒತ್ತಿ" ಎನ್ನುತ್ತಾಳೆ. ಮೊದಮೊದಲು ಯಾರ ಮಗಳಮ್ಮಾ, ಯಾವ ಊರು ಎಂದು ವಿಚಾರಿಸಿದೆ. ಅವಳದು ಮತ್ತೆ ಅದೇ ಮಾತು. ಎಷ್ಟು ಬಿಂಕ ಅಂದುಕೊಂಡೆ. ಅದು ಯಂತ್ರ ಎಂದು ನೀನು ಹೇಳಿದ ಮೇಲೂ ಫೋನ್ ಇಡುವ ಮುಂಚೆ "ದೇವ್ರು ಒಳ್ಳೇದ್ ಮಾಡ್ಲಿ ಕಣಮ್ಮಾ" ಅನ್ನದೆ ಇರಲಾರೆ. ಊಟವಾಗಿ ಇಡೀ ದ್ವೀಪ ಅಡ್ಡಾಗುವ ಹೊತ್ತಿಗೇ ಅವಳ ಕರೆ. ಬೇರೆ ಯಾರಾಗಿದ್ದರೂ ಜಾಡಿಸುತ್ತಿದ್ದೆ. ಆದರೆ ಹದಿನೈದಕ್ಕೆ ನೀನು ಪ್ರಬಂಧ ಒಪ್ಪಿಸಬೇಕು, ನಾನು ಒತ್ತದಿದ್ದರೆ ನಿನ್ನ ಕಂಪ್ಯೂಟರಿನಲ್ಲಿ ಗ್ರಂಥಾಲಯದ ಒಂದು ಹಾಳೆಯೂ ತೆರೆಯುವುದಿಲ್ಲ. ನನ್ನನ್ನು ಕೇಳದೆ ವಿಶ್ವವಿದ್ಯಾಲಯ ಬಾಗಿಲು ತೆಗೆಯುವುದಿಲ್ಲವೆಂದು ಚರ್ಚಿನಲ್ಲಿ ಎಲ್ಲರಿಗೂ ಹೇಳಿಯಾಗಿದೆ.

ಮಗೂ, ವಯಸ್ಸಾಗಿರುವುದು ಅಜ್ಜಿಗೆ, ಅವಳ ಬುದ್ಧಿಗಲ್ಲ. ನೀನೇ ಕಲಿಸಿದ್ದು: ವಿಶ್ವವಿದ್ಯಾಲಯದ ಒಳಗೇ ಕೂತವರನ್ನು ಯಾರೂ ಕೇಳುವುದಿಲ್ಲ, ಹೊರಗಿನಿಂದ ಬರುವವರನ್ನು ಮಾತ್ರ ಕೇಳುತ್ತಾರೆ. ಪಾತ್ರಾ ನಗರದ ನಿಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೇ ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತೇನೆ ಎಂದೂ ನೀನೇ ಅಂದೆ. ಹಾಗಾದರೆ ನನ್ನ ಫೋನ್ ಯಾಕೆ ಬಡಿದುಕೊಳ್ಳುತ್ತದೆ? ಯಾವುದೋ ಹುಡುಗಿಯ ಮನೆಯಲ್ಲಿರಬೇಕು ಎಂದುಕೊಂಡು ಒಳಗೊಳಗೇ ಹಿಗ್ಗಿದೆ. ಕಳೆದ ವಾರ ಬಿರುಗಾಳಿಗೆ ನಮ್ಮ ದ್ವೀಪದ ಕರೆಂಟು ಹೋಯಿತು. ನನ್ನ ಹಳೇ ಫೋನಿಗೆ ಕರೆಂಟು ಬೇಡ, ಅಥೆನ್ಸಿನಿಂದ ನಿನ್ನತ್ತೆ ಮಾತಾಡಿದಳು. ಆದರೆ ವಿಶ್ವವಿದ್ಯಾಲಯದ ಆ ಹೆಂಗಸಿನ ಕರೆ ಬರಲಿಲ್ಲ. ಎರಡು ದಿನ ಕಳೆದು ದೀಪ ಹತ್ತಿದ್ದೇ ತಡ, ಅವಳು ಹಾಜರು. ಇಲ್ಲಿ ಕರೆಂಟು ಹೋದರೆ ಪಾತ್ರಾದಲ್ಲಿ ಕೂತವನ ಓದು ಯಾಕೆ ನಿಲ್ಲಬೇಕು? ಮರುದಿನ ಬ್ರೆಡ್ ಗಾಡಿಯ ಫೋಟಿಸ್ ಚಿಲ್ಲರೆ ಕೊಡುತ್ತ ಅಂದ: "ನಿಮ್ ತಂಗಿ ಮಿರ್ಸೀನಿ ಈಗ ದಿನಾ ಎರಡು ಬ್ರೆಡ್ ತಗೋತಾರೆ ಅಜ್ಜೀ. ಒಬ್ರೇ ಇರೋದು, ಎಲ್ಲಿಗ್ ಹಾಕ್ತಾರೋ." ಎಲ್ಲಿಗೆ ಹಾಕುತ್ತಾಳೆಂದು ನನಗೆ ಗೊತ್ತಾಗಿಹೋಯಿತು.

ಹೊಟ್ಟೆ ಉರಿಯಿತು ಕಣೋ. ಎರಡು ಬೀದಿಯಾಚೆ ಅವಳ ಮನೆಯಲ್ಲಿ ಕೂತು, ನನ್ನ ಕೈಯಲ್ಲಿ ಬಾಗಿಲು ತೆಗೆಸಿಕೊಂಡು, ಅವಳ ಬ್ರೆಡ್ ತಿನ್ನುತ್ತೀಯ! ನಮ್ಮಮ್ಮನ ತಾಮ್ರದ ಹಂಡೆ ಅವಳು ಹೊತ್ತೊಯ್ದಳು, ಮುಚ್ಚಳ ನಾನು ಬಿಟ್ಟುಕೊಡಲಿಲ್ಲ, ಒಂಬತ್ತು ವರ್ಷದಿಂದ ನಮಗೆ ಮಾತಿಲ್ಲ ಎಂದು ನಿನಗೆ ಗೊತ್ತಿಲ್ಲವೇ? ನಿನ್ನೆ ಫೋನ್ ಬಡಿದುಕೊಂಡರೂ ಕೈ ಕಟ್ಟಿ ಕೂತೆ. ಮತ್ತೆ ಬಡಿಯಿತು, ಏಳಲಿಲ್ಲ. ಮೂರನೇ ಸಲಕ್ಕೆ ಕರುಳು ಕೇಳಲಿಲ್ಲ. ಮುದುಕಿಯರ ಜಗಳದಲ್ಲಿ ಕೂಸು ಬಡವಾಗಬಾರದು ಎಂದು ಒತ್ತಿದೆ. ನಿಜ ಹೇಳಬೇಕೆಂದರೆ ನಮ್ಮ ಮನೆಗೆ ಇಂಟರ್ನೆಟ್ಟಿಲ್ಲ, ಅವಳು ಬೇಸಿಗೆಯ ಪ್ರವಾಸಿಗಳಿಗೆಂದು ಹಾಕಿಸಿದ್ದಾಳೆ. ನೀನು ಇಲ್ಲಿದ್ದಿದ್ದರೆ ನಾನಂತೂ ಗಳಿಗೆಗೊಮ್ಮೆ ತಟ್ಟೆ ಹಿಡಿದು ಬಂದು ನಿನ್ನ ತಲೆ ತಿನ್ನುತ್ತಿದ್ದೆ. ಮಿರ್ಸೀನಿಗೆ ಮೊದಲಿಂದಲೂ ಮಾತು ಕಡಿಮೆ. ಫೋನ್ ಇಟ್ಟ ಮೇಲೆ ಅವಳ ದನಿ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಯಂತ್ರದ ದನಿ ಬಾಯಿಪಾಠವಾಗಿದೆ, ಒಡಹುಟ್ಟಿದವಳ ದನಿ ಮರೆತಿದೆ. ಸ್ವಲ್ಪ ಹೊತ್ತು ಅತ್ತೆ.

ದೇವಮಾತೆ ನಿನ್ನ ಕಣ್ಣನ್ನೂ ತಲೆಯನ್ನೂ ಕಾಯಲಿ. ಆ ಮನೆಯ ಹಿಂದಿನ ಕೋಣೆಯಲ್ಲಿ ಗಾಳಿ ನುಗ್ಗುತ್ತದೆ, ಬೆಚ್ಚಗೆ ಹೊದ್ದುಕೋ.

ನಿನ್ನ ಅಜ್ಜಿ,
ಎವಾಂಥಿಯಾ

ಅವಸರದಲ್ಲಿ: ಫೋಟಿಸ್ ಬಾಗಿಲಲ್ಲಿ ಕಾಯುತ್ತಿದ್ದಾನೆ, ಕಾಗದ ಅವನ ಕೈಯಲ್ಲೇ ಕಳಿಸುತ್ತೇನೆ, ಎರಡು ಬೀದಿಗೆ ಅಂಚೆ ಯಾಕೆ? ಹದಿಮೂರಕ್ಕೆ ನಿನ್ನ ಹೆಸರಿನ ಸಂತನ ಹಬ್ಬ. ಅಕ್ರೋಡಿನ ಸುರುಳಿ ಮಾಡುತ್ತಿದ್ದೇನೆ. ಹೆಸರಿನ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಬೇಡವೆನ್ನುವುದೂ ಇಲ್ಲ. ಆದ್ದರಿಂದ ನಾನು ಯಾರನ್ನೂ ಕರೆಯುತ್ತಿಲ್ಲ. ಈಗ ನಿನ್ನ ಭುಜದ ಮೇಲಿಂದ ಇಣುಕಿ ಓದುತ್ತಿರುವವಳಿಗೂ ಅದು ತಿಳಿದಿರಲಿ. ಬಾಗಿಲು ತೆರೆದೇ ಇರುತ್ತದೆ, ಹೊರಗಿನಿಂದ ಬರುವವರು ಏನನ್ನೂ ಒತ್ತಬೇಕಾಗಿಲ್ಲ. ಹಂಡೆ ತರಲೇಬೇಕೆಂದೇನಿಲ್ಲ. ಮುಚ್ಚಳ ಉಜ್ಜಿಟ್ಟಿದ್ದೇನೆ.